ಹಸಿರು ಚುಕ್ಕೆ ಇಲ್ಲದ ಅಂಗಡಿಯಲ್ಲಿ: ಸಸ್ಯಾಹಾರ ಮತ್ತು ಕುಲಾಂತರಿ

ಪ್ರತಿ ಆಗಸ್ಟ್‌ನಲ್ಲಿ ಹೊಸ ಬ್ಯಾಚಿನವರು ಬಂದಿಳಿದ ಮೊದಲ ವಾರ ಅವರನ್ನು ದಿನಸಿ ಅಂಗಡಿಗೆ ಕರ್ಕೊಂಡು ಹೋಗೋದು ನಮ್ಮ ಸಂಘದ ಹಳೇ ರೂಢಿ. ಅಲ್ಲಿ ಬರೋ ಪ್ರಶ್ನೆಗಳಲ್ಲಿ ಎರಡು ಮಾತ್ರ ಯಾವ ವರ್ಷವೂ ತಪ್ಪೋದಿಲ್ಲ. ಒಂದು, "ಇದು ವೆಜ್ಜಾ?" ಇನ್ನೊಂದು, "ಇದು ಜಿಎಂ ಅಲ್ಲ ತಾನೆ?" ಎರಡನೆಯದು ಸಾಮಾನ್ಯವಾಗಿ ಊರಿಂದ ಫೋನಿನಲ್ಲಿ ಬಂದಿರುತ್ತೆ. "ಅಮೆರಿಕದಲ್ಲಿ ಎಲ್ಲಾ ಕುಲಾಂತರಿಯಂತೆ, ಹುಷಾರಪ್ಪಾ" ಅಂತ ಅಮ್ಮನೋ ದೊಡ್ಡಮ್ಮನೋ ಹೇಳಿರ್ತಾರೆ. ಎರಡೂ ಪ್ರಶ್ನೆ ಒಂದೇ ಉಸಿರಿನಲ್ಲಿ ಬರೋದರಿಂದ ಎರಡಕ್ಕೂ ಒಂದೇ ಉತ್ತರ ಇದೆ ಅನ್ನಿಸಿಬಿಡುತ್ತೆ: ಶುದ್ಧ ಸಸ್ಯಾಹಾರ ಅಂದ್ರೆ ಕುಲಾಂತರಿ ಇಲ್ಲದ್ದು, ಕುಲಾಂತರಿ ಇಲ್ಲದ್ದು ಅಂದ್ರೆ ಶುದ್ಧ ಸಸ್ಯಾಹಾರ. ವಿಷಯ ಹಾಗಿಲ್ಲ. ಕೆಲವು ಪದಾರ್ಥಗಳಲ್ಲಂತೂ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತೆ.

ಮೊದಲು ಗುರುತಿನ ಮಾತು. ಭಾರತದಲ್ಲಿ ಪೊಟ್ಟಣ ಕೈಗೆ ತಗೊಂಡ ಕೂಡಲೇ ಕಣ್ಣು ಹುಡುಕೋದು ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು. ಇಲ್ಲಿ ಅಂಥ ಸರ್ಕಾರಿ ಗುರುತು ಇಲ್ಲ. ಇಲ್ಲಿರೋದು ಬೇರೊಂದು ಹಸಿರು ಗುರುತು: ದುಂಡಗಿದೆ, ಒಳಗೆ ಹೊಲ, ಗಿಡ, ಮೇಲೆ ಸೂರ್ಯ, ಜೊತೆಗೆ ‘ಬಯೋಎಂಜಿನಿಯರ್ಡ್’ ಅನ್ನೋ ಬರಹ. ಅದು ಎಷ್ಟು ಸಾತ್ವಿಕವಾಗಿ ಕಾಣುತ್ತೆ ಅಂದ್ರೆ ಊರಿಂದ ಬಂದವರು ಸಸ್ಯಾಹಾರದ ಮುದ್ರೆ ಅಂದುಕೊಂಡರೆ ಆಶ್ಚರ್ಯವಿಲ್ಲ. ಅದರ ಅರ್ಥ ‘ಇದು ಕುಲಾಂತರಿ’ ಅಂತ. 2016ರ ಜುಲೈ 1ರಂದು ವರ್ಮಾಂಟ್ ರಾಜ್ಯ ತನ್ನದೇ ಲೇಬಲ್ ಕಾನೂನು ಜಾರಿಗೆ ತಂದಿತು. ತಿಂಗಳು ಮುಗಿಯೋದರೊಳಗೆ ಕೇಂದ್ರ ಸರ್ಕಾರದ ಕಾನೂನು ಬಂದು ಅದನ್ನು ಬದಿಗೆ ಸರಿಸಿತು. ಇಡೀ ದೇಶಕ್ಕೆ ಅದು ಕಡ್ಡಾಯ ಆಗಿದ್ದು 2022ರ ಜನವರಿ 1ರಿಂದ.

ಕಡ್ಡಾಯ ಅಂದ ಮಾತ್ರಕ್ಕೆ ಎಲ್ಲದರ ಮೇಲೂ ಗುರುತು ಇರುತ್ತೆ ಅಂತ ತಿಳೀಬೇಡಿ. ಹೋಟೆಲ್, ಕ್ಯಾಂಟೀನ್ ಊಟಕ್ಕೆ ಈ ನಿಯಮ ಇಲ್ಲ. ಕುಲಾಂತರಿ ಮೇವು ತಿಂದ ಹಸುವಿನ ಹಾಲಿಗೂ ಇಲ್ಲ. ಇನ್ನೊಂದು ದೊಡ್ಡ ಕಿಂಡಿ ಇದೆ. 2018ರಲ್ಲಿ ಬರೆದ ನಿಯಮದಲ್ಲಿ, ಕೊನೆಗೆ ಸಿದ್ಧವಾದ ಪದಾರ್ಥದೊಳಗೆ ಬದಲಾದ ಡಿಎನ್‌ಎ ಪತ್ತೆಯಾಗದಿದ್ದರೆ ಗುರುತು ಹಾಕಬೇಕಾಗಿಲ್ಲ ಅಂದುಬಿಟ್ಟರು. ಚೆನ್ನಾಗಿ ಶುದ್ಧೀಕರಿಸಿದ ಸೋಯಾ ಎಣ್ಣೆ ಬರೀ ಕೊಬ್ಬು, ಸಕ್ಕರೆ ಬರೀ ಸಕ್ಕರೆ. ಬೆಳೆದ ಗಿಡ ಕುಲಾಂತರಿ ಆಗಿದ್ದರೂ ಡಿಎನ್‌ಎ ಅಲ್ಲಿ ಉಳಿದಿರಲ್ಲ. ತಿನ್ನೋರ ಆರೋಗ್ಯದ ದೃಷ್ಟಿಯಿಂದ ನೋಡಿದರೆ ಈ ವಾದ ಸರಿಯೇ. ಆದರೆ ಗಿಡ ಯಾವುದು, ಹೊಲದಲ್ಲಿ ಏನು ಸಿಂಪಡಿಸಿದರು ಅನ್ನೋದು ತಿಳಿಯಬೇಕು ಅನ್ನೋರಿಗೆ ಇದು ಉತ್ತರವಲ್ಲ. ಹಣ್ಣಿನ ಮೇಲಿನ ಚೀಟಿಯಲ್ಲಿ ಸಂಖ್ಯೆ 8ರಿಂದ ಶುರುವಾದರೆ ಕುಲಾಂತರಿ ಅನ್ನೋ ಮಾತು ನಮ್ಮಲ್ಲಿ ತುಂಬಾ ಓಡಾಡುತ್ತೆ. ಅಂಗಡಿಗಳಲ್ಲಿ ಆ 8 ಬಳಕೆಗೆ ಬರಲೇ ಇಲ್ಲ, ಹುಡುಕಿ ಪ್ರಯೋಜನವಿಲ್ಲ. 9ರಿಂದ ಶುರುವಾಗೋ ಐದು ಅಂಕಿ ಮಾತ್ರ ನಿಜ, ಅದು ಆರ್ಗ್ಯಾನಿಕ್.

ಹಾಗಾದರೆ ನಮ್ಮ ಅಡುಗೆಮನೆಗೆ ಕುಲಾಂತರಿ ಎಲ್ಲಿಂದ ಬರುತ್ತೆ? ಅಕ್ಕಿ, ಗೋಧಿ, ರಾಗಿ, ತೊಗರಿಬೇಳೆ, ಕಡಲೆ, ಹೆಸರು, ಉದ್ದು, ಇದ್ಯಾವುದೂ ಅಮೆರಿಕದ ಕೃಷಿ ಇಲಾಖೆಯ ಕುಲಾಂತರಿ ಪಟ್ಟಿಯಲ್ಲಿಲ್ಲ. ಉತ್ತರ ಕರ್ನಾಟಕದವರು ನೆಮ್ಮದಿಯಾಗಿರಿ, ರೊಟ್ಟಿಯ ಜೋಳವೂ ಇಲ್ಲ. ಇರೋದು ಮೆಕ್ಕೆಜೋಳ. ಕ್ಯಾಂಪಸ್ ದಾಟಿದರೆ ಸಾಕು, ಕಣ್ಣು ಹಾಯೋವರೆಗೆ ಕಾಣೋ ಮೆಕ್ಕೆಜೋಳ ಮತ್ತು ಸೋಯಾದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಕುಲಾಂತರಿ ತಳಿಗಳೇ. ಅದರಲ್ಲಿ ಬಹುಪಾಲು ದನ, ಹಂದಿ, ಕೋಳಿಗಳ ಮೇವಿಗೆ, ಎಣ್ಣೆಗೆ, ಎಥನಾಲ್‌ಗೆ ಹೋಗುತ್ತೆ. ನಮಗೆ ಸಿಗೋದು ಕಾರ್ನ್ ಸಿರಪ್, ಕಾರ್ನ್ ಫ್ಲೇಕ್ಸ್, ಅಗ್ಗದ ‘ವೆಜಿಟಬಲ್ ಆಯಿಲ್’ ರೂಪದಲ್ಲಿ. ಕನೋಲಾ ಎಣ್ಣೆಯೂ ಹಾಗೇ. ತರಕಾರಿ ಹಣ್ಣುಗಳಲ್ಲಿ ಹವಾಯಿಯ ಪಪ್ಪಾಯಿ, ಕೆಲವು ಸ್ಕ್ವಾಷ್, ಕೆಲವು ಆಲೂಗಡ್ಡೆ ಮತ್ತು ಸೇಬಿನ ತಳಿಗಳು, ಗುಲಾಬಿ ತಿರುಳಿನ ಒಂದು ಅನಾನಸ್. ಅಷ್ಟೇ. ಅಂದರೆ ಅನ್ನ ಸಾರು ಪಲ್ಯ ಮಾಡ್ಕೊಂಡು ತಿನ್ನೋ ವಿದ್ಯಾರ್ಥಿಯ ತಟ್ಟೆಗೆ ಕುಲಾಂತರಿ ಬರೋದು ಮುಖ್ಯವಾಗಿ ಒಗ್ಗರಣೆಯ ಎಣ್ಣೆಯಿಂದ ಮತ್ತು ಕಾಫಿಯ ಸಕ್ಕರೆಯಿಂದ.

ಸಕ್ಕರೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಮೆರಿಕದಲ್ಲಿ ಸಕ್ಕರೆ ಎರಡು ಬೆಳೆಯಿಂದ ಬರುತ್ತೆ. ಒಂದು ನಮಗೆ ಗೊತ್ತಿರೋ ಕಬ್ಬು. ಇನ್ನೊಂದು ಚಳಿ ರಾಜ್ಯಗಳಲ್ಲಿ ಬೆಳೆಯೋ ಸಕ್ಕರೆ ಬೀಟ್, ಬೆಳ್ಳಗಿನ ದಪ್ಪ ಗೆಡ್ಡೆ. ಇಲ್ಲಿ ತಯಾರಾಗೋ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಟಿನದು, ಮತ್ತು ಆ ಬೀಟ್ ಹೆಚ್ಚೂಕಮ್ಮಿ ಪೂರ್ತಿ ಕುಲಾಂತರಿ. ಚೀಲದ ಮೇಲೆ ಬರೀ ‘ಶುಗರ್’ ಅಂತಿದ್ದರೆ ಅದು ಬೀಟಿನದು ಅಥವಾ ಬೆರಕೆ ಇರಬಹುದು. "ಸರಿ, ಕೇನ್ ಶುಗರ್ ತಗೊಂಡ್ರಾಯ್ತು" ಅಂತೀರಾ? ಅಲ್ಲೇ ಇರೋದು ತೊಡಕು. ಇಲ್ಲಿನ ಕೆಲವು ಕಬ್ಬಿನ ಸಕ್ಕರೆ ಕಾರ್ಖಾನೆಗಳು ಸಕ್ಕರೆಯನ್ನು ಬೆಳ್ಳಗೆ ಮಾಡೋಕೆ ದನದ ಮೂಳೆ ಸುಟ್ಟ ಇದ್ದಿಲಿನ ಮೂಲಕ ಸೋಸುತ್ತವೆ. ಸಕ್ಕರೆಯಲ್ಲಿ ಮೂಳೆಯ ಚೂರು ಉಳಿಯಲ್ಲ, ಆದರೆ ದಾರಿ ಅದರ ಮೂಲಕವೇ. ಬೀಟ್ ಸಕ್ಕರೆಗೆ ಮೂಳೆ ಇದ್ದಿಲು ಬಳಸೋದಿಲ್ಲ. ಅಂದರೆ ಕುಲಾಂತರಿ ಬೇಡ ಅಂತ ಕಬ್ಬಿನ ಕಡೆ ಹೋದವರು ಮೂಳೆಗೆ ಎದುರಾಗ್ತಾರೆ, ಮೂಳೆ ಬೇಡ ಅಂತ ಬೀಟಿನ ಕಡೆ ಬಂದವರು ಕುಲಾಂತರಿಗೆ! ಎರಡೂ ಬೇಡ ಅನ್ನೋರಿಗೆ ಇರೋ ದಾರಿ ‘ಯುಎಸ್‌ಡಿಎ ಆರ್ಗ್ಯಾನಿಕ್’ ಮುದ್ರೆಯ ಸಕ್ಕರೆ. ಅದರಲ್ಲಿ ಎರಡಕ್ಕೂ ಅವಕಾಶವಿಲ್ಲ. ಬೆಲೆ ಮಾತ್ರ ಜಾಸ್ತಿ.

ಚೀಸಿನ ಕಥೆ ಇದಕ್ಕಿಂತ ಸ್ವಾರಸ್ಯ. ನಾವು ಮೊಸರಿಗೆ ಹೆಪ್ಪು ಹಾಕ್ತೀವಿ, ಪನೀರಿಗೆ ನಿಂಬೆಹುಳಿ ಹಿಂಡ್ತೀವಿ. ಹೆಚ್ಚಿನ ಚೀಸಿಗೆ ಹಾಲು ಗಟ್ಟಿಯಾಗೋಕೆ ರೆನೆಟ್ ಬೇಕು. ಅದರೊಳಗಿನ ಮುಖ್ಯ ಕಿಣ್ವದ ಹೆಸರು ಕೈಮೋಸಿನ್. ಶತಮಾನಗಳ ಕಾಲ ಅದು ಬರ್ತಿದ್ದದ್ದು ಹಾಲು ಕುಡಿಯೋ ಕರುವಿನ ನಾಲ್ಕನೇ ಹೊಟ್ಟೆಯಿಂದ, ಕರುವನ್ನು ಕೊಂದ ಮೇಲೆ. 1990ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಒಂದು ಹೊಸ ಕೈಮೋಸಿನ್‌ಗೆ ಒಪ್ಪಿಗೆ ಕೊಟ್ಟಿತು. ಕರುವಿನ ಆ ಜೀನ್ ಅನ್ನು ಸೂಕ್ಷ್ಮಾಣುವಿಗೆ ಸೇರಿಸಿ, ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ತೆಗೆದ ಕಿಣ್ವ ಅದು. ಜೀನ್ ತಂತ್ರಜ್ಞಾನದಿಂದ ತಯಾರಾಗಿ ಈ ದೇಶದ ಆಹಾರದಲ್ಲಿ ಒಪ್ಪಿಗೆ ಪಡೆದ ಮೊದಲ ಪದಾರ್ಥವೇ ಇದು. ಇವತ್ತು ಇಲ್ಲಿನ ಬಹುಪಾಲು ಚೀಸ್ ಇದರಿಂದಲೇ ಆಗೋದು. ಶುಕ್ರವಾರ ರಾತ್ರಿ ಲ್ಯಾಬ್‌ನಿಂದ ಬಂದು ನಾವು ತಿನ್ನೋ ಚೀಸ್ ಪಿಜ್ಜಾದಲ್ಲಿ ಕರುವಿನ ಹೊಟ್ಟೆ ಇಲ್ಲದೆ ಇದ್ದರೆ ಅದಕ್ಕೆ ಕಾರಣ ಬಹುತೇಕ ಈ ಜೀನ್ ತಂತ್ರಜ್ಞಾನ. ಕುಲಾಂತರಿಯ ಸೋಂಕೇ ಬೇಡ, ಹಳೇ ಪದ್ಧತಿಯಲ್ಲೇ ಮಾಡಿದ್ದು ಬೇಕು ಅಂತ ಹೋದರೆ ಸಿಗೋದು ಪಾರ್ಮಿಜಾನೊ ರೆಜಾನೊ ತರಹದ್ದು. ಇಟಲಿಯ ನಿಯಮದ ಪ್ರಕಾರ ಅದಕ್ಕೆ ಕರುವಿನ ರೆನೆಟ್ಟೇ ಹಾಕಬೇಕು. ಲೇಬಲ್‌ನಲ್ಲಿ ಬರೀ ‘ಎನ್‌ಜೈಮ್ಸ್’ ಅಂತಿದ್ದರೆ ಏನೂ ಗೊತ್ತಾಗಲ್ಲ. ‘ಮೈಕ್ರೋಬಿಯಲ್’, ‘ವೆಜಿಟೇರಿಯನ್’ ಅಂತಿದ್ದರೆ ಕರುವಿನದ್ದಲ್ಲ. ಅಂದಹಾಗೆ ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳೋ ಅಜ್ಜಿ ಇದ್ದರೆ, ಅದೂ ಇದೇ ದಾರಿಯದ್ದು. ಅದಕ್ಕೆ ಮುಂಚೆ ಇನ್ಸುಲಿನ್ ಬರ್ತಿದ್ದದ್ದು ಹಂದಿ ಮತ್ತು ದನದಿಂದ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ, ಅದನ್ನು ನಕ್ಕು ತಳ್ಳಿಹಾಕೋದು ಸರಿಯಲ್ಲ: "ಟೊಮೇಟೊದಲ್ಲಿ ಮೀನಿನ ಜೀನ್ ಹಾಕ್ತಾರಂತೆ, ನಿಜವಾ?" ಇದು ಗಾಳಿಸುದ್ದಿಯೇನಲ್ಲ. 1990ರ ದಶಕದ ಶುರುವಿನಲ್ಲಿ ಚಳಿ ನೀರಿನ ಒಂದು ಮೀನಿನ ಜೀನ್ ಅನ್ನು ಟೊಮೇಟೊಗೆ ಸೇರಿಸಿ ಪ್ರಯೋಗ ಮಾಡಿದ್ದರು, ಹಿಮ ಬಿದ್ದರೆ ಹಣ್ಣು ಹಾಳಾಗದಿರಲಿ ಅಂತ. ಅದು ಮಾರುಕಟ್ಟೆಗೆ ಬರಲೇ ಇಲ್ಲ. 1994ರಲ್ಲಿ ಮಾರಾಟಕ್ಕೆ ಬಂದ ಕುಲಾಂತರಿ ಟೊಮೇಟೊ ಬೇರೆ, ಅದರಲ್ಲಿ ಮೀನಿನದ್ದೇನೂ ಇರಲಿಲ್ಲ. ಈಗ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಯೋ ಕುಲಾಂತರಿ ಬೆಳೆಗಳಿಗೆ ಸೇರಿಸಿರೋ ಜೀನ್‌ಗಳು ಮುಖ್ಯವಾಗಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದವು. ಪಪ್ಪಾಯಿಗೆ ಹಾಕಿದ್ದು ವೈರಸ್ಸಿನ ತುಣುಕು. ಆದರೆ ಮುಂದೆ ಹೀಗೇ ಇರುತ್ತೆ ಅನ್ನೋಹಾಗಿಲ್ಲ. ಹಂದಿಯ ಮಾಂಸದಲ್ಲಿರೋ ಮಯೋಗ್ಲೋಬಿನ್ ಅನ್ನೋ ಪ್ರೋಟೀನನ್ನು ತನ್ನ ಕಾಳಿನಲ್ಲೇ ತಯಾರಿಸೋ ಸೋಯಾ ತಳಿಯನ್ನು ಮೊಲೆಕ್ ಅನ್ನೋ ಕಂಪನಿ ರೂಪಿಸಿದೆ. 2024ರಲ್ಲಿ ಅಮೆರಿಕದ ಕೃಷಿ ಇಲಾಖೆ ಅದನ್ನು ಬೆಳೆಯೋಕೆ ತನ್ನ ಕಡೆಯಿಂದ ಅಡ್ಡಿಯಿಲ್ಲ ಅಂದಿತು. ಗಿಡದಲ್ಲೇ ಬೆಳೆದದ್ದು, ಯಾವ ಹಂದಿಯೂ ಸಾಯಲಿಲ್ಲ. ಅದು ಸಸ್ಯಾಹಾರವೇ? ನಮ್ಮ ಗುಂಪಿನಲ್ಲಿ ಇದರ ಬಗ್ಗೆ ಎರಡು ಪಂಗಡ ಇದೆ. ಪ್ರಾಣಿಹಿಂಸೆ ಬೇಡ ಅಂತ ಸಸ್ಯಾಹಾರಿ ಆದವರು ‘ಆಗಬಹುದು’ ಅಂತಾರೆ. ಮನೆಯ ಆಚಾರದಿಂದ ಬಂದವರು ‘ಛೇ’ ಅಂತಾರೆ. ಎರಡೂ ಉತ್ತರ ಪ್ರಾಮಾಣಿಕವೇ. ವಿಜ್ಞಾನ ಇಲ್ಲಿ ತೀರ್ಪು ಕೊಡಲಾರದು, ಒಳಗೆ ಏನಿದೆ ಅಂತ ಹೇಳಬಹುದು ಅಷ್ಟೇ. ಆದ್ದರಿಂದಲೇ ಲೇಬಲ್ ಸರಿಯಾಗಿರಬೇಕು ಅಂತ ನಾವು ಹಟ ಹಿಡಿಯೋದು.

ಆರೋಗ್ಯದ ಭಯದ ಬಗ್ಗೆ ಚಿಕ್ಕದಾಗಿ. 2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ದೊಡ್ಡ ವರದಿ ಕೊಟ್ಟವು. ಈಗ ಮಾರಾಟದಲ್ಲಿರೋ ಕುಲಾಂತರಿ ಬೆಳೆಗಳಿಂದ ಮನುಷ್ಯರ ಆರೋಗ್ಯಕ್ಕೆ ಮಾಮೂಲಿ ಬೆಳೆಗಳಿಗಿಂತ ಹೆಚ್ಚಿನ ಅಪಾಯ ಇದೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ ಅಂತ ಅದರ ಸಾರ. ಕಳೆನಾಶಕಕ್ಕೂ ಬಗ್ಗದ ಕಳೆಗಳು ಹುಟ್ಟಿಕೊಂಡಿರೋದು ದೊಡ್ಡ ಸಮಸ್ಯೆ ಅಂತಲೂ ಅದೇ ವರದಿ ಹೇಳಿತು. ಅಲರ್ಜಿಯ ಭಯ ಮಾತ್ರ ಬುಡವಿಲ್ಲದ್ದಲ್ಲ. ಬ್ರೆಜಿಲ್ ನಟ್ ಜೀನ್ ಸೇರಿಸಿದ ಸೋಯಾದಲ್ಲಿ ಆ ಬೀಜದ ಅಲರ್ಜಿ ಅಂಶವೂ ಬಂದಿದ್ದು ಪರೀಕ್ಷೆಯಲ್ಲೇ ತಿಳಿದು ಅದನ್ನು ಕೈಬಿಟ್ಟರು. ನಮ್ಮ ಅಭಿಪ್ರಾಯ ಕೇಳಿದರೆ, ಕುಲಾಂತರಿಯ ಬಗೆಗಿನ ಗಂಭೀರ ತಕರಾರು ತಟ್ಟೆಯಲ್ಲಿಲ್ಲ, ಹೊಲದಲ್ಲಿದೆ: ಬೀಜ ಯಾರದು, ವಿಷ ಎಷ್ಟು, ರೈತನಿಗೆ ಆಯ್ಕೆ ಉಂಟೇ.

ನಮ್ಮೂರಲ್ಲಿ ಜಗಳ ನಡೆದದ್ದೂ ಅದರ ಮೇಲೇ. 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಕಡೆ ಬಿಟಿ ಹತ್ತಿಯ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟಿತ್ತು. ಆಮೇಲೆ ಬದನೆ ಬಂತು. ಬಿಟಿ ಮಾಡಲು ಧಾರವಾಡ ಕೃಷಿ ವಿಶ್ವವಿದ್ಯಾಲಯ ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ವಾದಿರಾಜರು ಮಟ್ಟು ಊರಿನವರಿಗೆ ಬೀಜ ಕೊಟ್ಟರು ಅನ್ನೋ ನಂಬಿಕೆ ಇರೋ, ಕೃಷ್ಣಮಠದ ಅಡುಗೆಗೆ ಹೋಗೋ ಬದನೆ. ಸಸ್ಯಾಹಾರದ ನಿಷ್ಠೆ ಮತ್ತು ಕುಲಾಂತರಿಯ ಆತಂಕ ಒಂದೇ ತರಕಾರಿಯಲ್ಲಿ ಸೇರಿದ್ದು ಅಂದ್ರೆ ಇದು. ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಭೆ ನಡೆಸಿದ ಆಗಿನ ಸಚಿವ ಜೈರಾಮ್ ರಮೇಶ್ 2010ರ ಫೆಬ್ರುವರಿ 9ರಂದು ಬಿಟಿ ಬದನೆಗೆ ತಡೆ ಹಾಕಿದರು. ಪಕ್ಕದ ಬಾಂಗ್ಲಾದೇಶ 2013ರಲ್ಲಿ ಒಪ್ಪಿತು. ಅಮೆರಿಕದ ಕುಲಾಂತರಿ ಪಟ್ಟಿಯಲ್ಲಿ ಬದನೆ ಅಂತ ಕಾಣೋದು ಆ ಬಾಂಗ್ಲಾ ತಳಿಗಳಿಂದಾಗಿ. ನಾವಿಲ್ಲಿ ಎಣ್ಣೆಗಾಯಿಗೆ ತರೋ ಬದನೆಗೆ ಅದರ ಸಂಬಂಧವಿಲ್ಲ. ಫೋನಿನಲ್ಲಿ ಹುಷಾರು ಹೇಳೋ ದೊಡ್ಡಮ್ಮನಿಗೂ ಒಂದು ಮಾತು ಹೇಳಬಹುದು: ಭಾರತದ ಹತ್ತಿ ಈಗ ಬಹುತೇಕ ಬಿಟಿ, ಆ ಹತ್ತಿಬೀಜದ ಎಣ್ಣೆ ಅಲ್ಲಿನ ತಿಂಡಿಗಳಲ್ಲೂ ಸೇರುತ್ತೆ.

ಸಂಘದ ಯುಗಾದಿ ಊಟಕ್ಕೆ ಬರೋರಲ್ಲಿ ಜೈನರಿದ್ದಾರೆ, ಲಿಂಗಾಯತರಿದ್ದಾರೆ, ಮನೇಲಿ ಕೋಳಿ ಸಾರು ಮಾಡ್ಕೊಂಡು ಹಬ್ಬಕ್ಕೆ ಮಾತ್ರ ಬೇಡ ಅನ್ನೋರೂ ಇದ್ದಾರೆ. ಬಡಿಸೋರನ್ನು ನಂಬಿ ಕೂರ್ತಾರೆ, ಎಲೆಯ ಮುಂದೆ ಯಾರೂ ಲೇಬಲ್ ಓದಲ್ಲ. ಹಾಗಾಗಿ ಒಬ್ಬಟ್ಟಿಗೆ ಬೆಲ್ಲ, ಅದು ಇಂಡಿಯನ್ ಸ್ಟೋರಿನದು, ಮೂಳೆ ಇದ್ದಿಲಿನ ತಂಟೆ ಇಲ್ಲ. ಪಾಯಸಕ್ಕೆ ಆರ್ಗ್ಯಾನಿಕ್ ಸಕ್ಕರೆ. ಪನೀರನ್ನು ಹಾಲು ಒಡೆಸಿ ನಾವೇ ಮಾಡ್ತೀವಿ. ಮೊಸರಿನ ಡಬ್ಬಿಯಲ್ಲಿ ಜೆಲಟಿನ್ ಇದೆಯಾ ಅಂತ ನೋಡಿಯೇ ತರೋದು. ಎಣ್ಣೆಯ ವಿಷಯ ಮಾತ್ರ ಪ್ರತಿ ಸಲ ಚರ್ಚೆಗೆ ಬರುತ್ತೆ. ಸೂರ್ಯಕಾಂತಿ, ಕಡಲೆಕಾಯಿ ಎಣ್ಣೆಯಲ್ಲಿ ಕುಲಾಂತರಿ ಇಲ್ಲ, ಆದರೆ ಇನ್ನೂರು ಜನಕ್ಕೆ ಬೋಂಡಾ ಕರಿಯೋಕೆ ಖಜಾಂಚಿ ಒಪ್ಪಲ್ಲ. ಸದ್ಯಕ್ಕೆ ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಕರಿಯೋಕೆ ಕನೋಲಾ, ಬೋಂಡಾ ತಟ್ಟೆಯ ಮುಂದೆ ಅದನ್ನು ಬರೆದ ಒಂದು ಚೀಟಿ. ಕಡಲೆಕಾಯಿ ಅಲರ್ಜಿ ಇರೋರಿಗೆ ಒಗ್ಗರಣೆ ಹಾಕದ ಸಾರು ಬೇರೆ ಪಾತ್ರೆಯಲ್ಲಿರುತ್ತೆ, ಬಂದ ಕೂಡಲೇ ಅಡುಗೆ ತಂಡದವರಿಗೆ ಹೇಳಿ.