ಎದೆಬಡಿತ ತಪ್ಪಿದಂತಾದರೆ



ಕೊನೆಕೊಯ್ಲು ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನಮಗೆಲ್ಲ ರಾತ್ರಿಯೂ ಅಡಿಕೆ ಸುಲಿತದ ಕೆಲಸ. ನಿದ್ದೆ ಕಡಿಮೆ, ಕಾಫಿ, ಕವಳ ಹೆಚ್ಚು. ಮಲಗಿದಾಗ ಎದೆಬಡಿತ ಒಂದು ತಪ್ಪಿ, ಮರುಗಳಿಗೆ ‘ಧಡ್’ ಎಂದಂತಾಗುವುದುಂಟು. ನಮ್ಮಲ್ಲಿ ಕೆಲವರು ಹೆದರಿ ಕಂಗಾಲಾಗುತ್ತೇವೆ. ಕೆಲವರು ವಾಯುವೆಂದು ಓಮದ ಕಷಾಯ ಕುಡಿದು ಸುಮ್ಮನಾಗುತ್ತೇವೆ. ಎರಡೂ ಸರಿಯಲ್ಲ.

ವಾಸ್ತವದಲ್ಲಿ ಬಡಿತ ತಪ್ಪಿರುವುದಿಲ್ಲ, ಹೊತ್ತಿಗೆ ಮುಂಚೆ ಬಂದಿರುತ್ತದೆ. ಹೃದಯದಲ್ಲಿ ರಕ್ತ ತುಂಬುವ ಮೊದಲೇ ಬರುವುದರಿಂದ ಎಷ್ಟೋ ಸಲ ನಾಡಿಗೆ ಸಿಗುವುದಿಲ್ಲ. ಅನಂತರದ ಬಿಡುವಿನಲ್ಲಿ ಹೆಚ್ಚು ರಕ್ತ ತುಂಬಿ, ಮುಂದಿನ ಬಡಿತ ಜೋರಾಗುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವ ಹೃದಯ ಆರೋಗ್ಯವಾಗಿದ್ದರೆ, ಆಗೊಮ್ಮೆ ಈಗೊಮ್ಮೆ ಹೀಗಾಗುವುದಕ್ಕೆ ಸಾಮಾನ್ಯವಾಗಿ ಭಯಪಡಬೇಕಿಲ್ಲ.

ನಮ್ಮ ಬೆಳೆಯ ಸಂಗತಿಯನ್ನೂ ಮುಚ್ಚಿಡಬಾರದು. ಅಮೆರಿಕದಲ್ಲಿ 100 ಜನರಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೃದಯದ ಕೆಳಕೋಣೆಗಳಿಂದ ಹುಟ್ಟುವ ಇಂಥ ಬಡಿತಗಳು ಕಾಫಿಯ ದಿನ ಸರಾಸರಿ 154, ಕಾಫಿಯಿಲ್ಲದ ದಿನ 102. ನಿದ್ದೆಯೂ ಅರ್ಧ ಗಂಟೆಗೆ ಮಿಕ್ಕಿ ಕಡಿಮೆ. ಅಡಿಕೆ ಸೊಕ್ಕಿದಾಗ ಎದೆ ಹೊಡೆದುಕೊಳ್ಳುವುದಂತೂ ನಮಗೆ ಗೊತ್ತಿದ್ದದ್ದೇ. ತೊಂದರೆ ಇರುವವರು ಎರಡನ್ನೂ ಕೆಲವು ದಿನ ಬಿಟ್ಟು ನೋಡಬಹುದು.

ಆದರೆ ಎಚ್ಚರ ತಪ್ಪಿದರೆ, ಏದುಸಿರು ಬಂದರೆ, ದುಡಿಯುವಾಗ ಹೆಚ್ಚಾದರೆ, ಮನೆತನದಲ್ಲಿ ಎಳೆಪ್ರಾಯದ ಹಠಾತ್ ಸಾವಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ ಇ.ಸಿ.ಜಿ. ಮಾಡಿಸಬೇಕು. ಅದರಲ್ಲಿ ಸಿಗದ್ದು 24 ಗಂಟೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರದಲ್ಲಿ ಸಿಕ್ಕೀತು. ಹತ್ತರಲ್ಲೊಂದು ಬಡಿತ ಇಂಥದಾದರೆ ಕ್ರಮೇಣ ಹೃದಯವೇ ಬಳಲಬಹುದು. ಎದೆನೋವಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.

ತಲೆ ತಿರುಗಿ ಬಿದ್ದವರನ್ನು ಪರೀಕ್ಷೆಯಾಗುವ ತನಕ ಮರ ಹತ್ತಿಸಬೇಡಿ. ಕೊಯ್ಲು ನಾಲ್ಕು ದಿನ ತಡವಾದರೂ ತೊಂದರೆಯಿಲ್ಲ.