ಬೊಜ್ಜಿನ ಆಪರೇಷನ್ ಆದ ಮೇಲೆ ತೂಕ ಇಳಿಯುವುದು ನಿಂತರೆ ಎಂತ ಮಾಡುವುದು?

ಬೊಜ್ಜು ಕರಗಿಸುವ ಆಪರೇಷನ್ ಮಾಡಿಸಿಕೊಂಡವರು ಮೊದಲ ತಿಂಗಳು ಸಿಕ್ಕವರಿಗೆಲ್ಲ ಹೇಳುತ್ತಾರೆ. ಎಂಟು ಕೆಜಿ ಇಳಿಯಿತು, ಹತ್ತು ಕೆಜಿ ಇಳಿಯಿತು, ಪ್ಯಾಂಟು ಸಡಿಲ ಆಯಿತು ಅಂತ. ಆರೇಳು ತಿಂಗಳು ಕಳೆದ ಮೇಲೆ ಮಾತು ಕಡಿಮೆ ಆಗುತ್ತದೆ. ಮದುವೆ ಹಾಲ್‌ನಲ್ಲಿ ಯಾರಾದರೂ "ಈಗ ಎಷ್ಟಾಯ್ತು?" ಎಂದು ಕೇಳಿದರೆ ವಿಷಯ ಬೇರೆ ಕಡೆ ತಿರುಗುತ್ತದೆ. ಯಾಕೆಂದರೆ ಮೂರು ವಾರದಿಂದ ತೂಕದ ಮೆಷಿನ್ ಒಂದೇ ನಂಬರ್ ತೋರಿಸುತ್ತಾ ಉಂಟು. ಲಕ್ಷಗಟ್ಟಲೆ ಖರ್ಚು ಮಾಡಿ, ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆಸಿ, ಕೊನೆಗೆ ಇಷ್ಟೇನಾ ಎಂಬ ಹೆದರಿಕೆ ಶುರುವಾಗುತ್ತದೆ.

ಅಪಾಯ ಇರುವುದು ತೂಕ ನಿಂತದ್ದರಲ್ಲಿ ಅಲ್ಲ, ಈ ಹೆದರಿಕೆಯಲ್ಲಿ. ಕೆಲವರು ಊಟವನ್ನೇ ಬಿಡುತ್ತಾರೆ. ಕೆಲವರು ವಾಟ್ಸಾಪ್‌ನಲ್ಲಿ ಬರುವ ಸ್ಲಿಮ್ಮಿಂಗ್ ಪೌಡರ್ ತರಿಸಿಕೊಳ್ಳುತ್ತಾರೆ. ಇನ್ನು ಕೆಲವರು "ಆಪರೇಷನ್ ಫೇಲ್" ಎಂದು ತಾವೇ ತೀರ್ಮಾನ ಮಾಡಿ, ವಿಟಮಿನ್ ಮಾತ್ರೆ ಸಮೇತ ಎಲ್ಲವನ್ನೂ ಕೈಬಿಟ್ಟು ಹಳೆಯ ಊಟಕ್ಕೆ ಮರಳುತ್ತಾರೆ. ನಮ್ಮಲ್ಲಿ ಗಲ್ಫ್‌ನಲ್ಲಿ ಸ್ಲೀವ್ ಮಾಡಿಸಿ ವೀಸಾ ಮುಗಿದು ಊರಿಗೆ ಬಂದವರ ಕಥೆ ಇನ್ನೂ ಕಷ್ಟ. ಆಪರೇಷನ್ ಮಾಡಿದ ಡಾಕ್ಟರ್ ಅಲ್ಲಿ, ಪೇಷಂಟ್ ಇಲ್ಲಿ.

ಕರಾವಳಿಯಿಂದ ದೂರದ ಇನ್ನೊಂದು ಗಡಿಯಲ್ಲೂ ಇದೇ ಪರಿಸ್ಥಿತಿ. ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ದೌಲತಾಬಾದ್, ಪಕ್ಕದ ಕೊಡಂಗಲ್, ತಾಂಡೂರು ಇವೆಲ್ಲ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಗುಲ್ಬರ್ಗ ಜಿಲ್ಲೆಯ ಲೆಕ್ಕದಲ್ಲಿ ಇದ್ದವು. ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು. ಅಲ್ಲಿನ ಕನ್ನಡದ ಮನೆಗಳಿಗೆ ಇಂಥ ದೊಡ್ಡ ಆಪರೇಷನ್ ಎಂದರೆ ಹೈದರಾಬಾದ್. ಒಮ್ಮೆ ಹೋಗಿ ಮಾಡಿಸಿಕೊಂಡು ಬರುವುದು ಆಗುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ದಿನದ ಕೂಲಿ ಅಥವಾ ಅಂಗಡಿ ಬಿಟ್ಟು ನೂರು ಕಿಲೋಮೀಟರ್ ದಾಟಿ ಫಾಲೋಅಪ್‌ಗೆ ಹೋಗುವುದು ಎಷ್ಟು ಜನರಿಂದ ಸಾಧ್ಯ? ಹಾಗಾಗಿ ತೂಕ ಯಾಕೆ ನಿಲ್ಲುತ್ತದೆ ಎಂಬುದನ್ನು ಮನೆಯವರೇ ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು.

ಮೊದಲು ಮೂರನೇ ವಾರದ ವಿಷಯ. ಆಪರೇಷನ್ ಆದ ಎರಡರಿಂದ ಐದು ವಾರದೊಳಗೆ ತೂಕ ಒಮ್ಮೆ ಗಪ್ಪನೆ ನಿಲ್ಲುವುದು ತುಂಬಾ ಜನರಿಗೆ ಆಗುತ್ತದೆ. ನಮ್ಮ ಲಿವರ್ ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ, ಸುಮಾರು ಅರ್ಧ ಕೆಜಿ. ಅದರ ಒಂದೊಂದು ಗ್ರಾಮ್ ಜೊತೆಗೆ ಸುಮಾರು ಮೂರು ಗ್ರಾಮ್ ನೀರು ಅಂಟಿಕೊಂಡಿರುತ್ತದೆ. ಊಟ ಏಕಾಏಕಿ ಕಡಿಮೆ ಆದಾಗ ದೇಹ ಮೊದಲು ಖಾಲಿ ಮಾಡುವುದು ಈ ದಾಸ್ತಾನನ್ನು. ಮೊದಲ ದಿನಗಳಲ್ಲಿ ಸರ್ರನೆ ಇಳಿದದ್ದರಲ್ಲಿ ದೊಡ್ಡ ಪಾಲು ನೀರು. ಆಮೇಲೆ ದೇಹ ನೀರನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಕೊಬ್ಬು ಕರಗುತ್ತಿದ್ದರೂ ಮೆಷಿನ್‌ನಲ್ಲಿ ಕಾಣುವುದಿಲ್ಲ. ಇದು ತಾನಾಗಿಯೇ ಸರಿಯಾಗುತ್ತದೆ, ಏನೂ ಮಾಡಬೇಕಾಗಿಲ್ಲ.

ಆರು ತಿಂಗಳ ನಂತರ ನಿಧಾನ ಆಗುವುದರ ಕಾರಣ ಬೇರೆ. 120 ಕೆಜಿಯ ದೇಹವನ್ನು ನಡೆಸಲು ಬೇಕಾದಷ್ಟು ಇಂಧನ 90 ಕೆಜಿಯ ದೇಹಕ್ಕೆ ಬೇಡ. ಅಂಗಡಿ ಚಿಕ್ಕದಾದರೆ ಕರೆಂಟ್ ಬಿಲ್ಲೂ ಕಡಿಮೆ ಬರುವ ಹಾಗೆ. ಮೊದಲು ತಿಂದದ್ದಕ್ಕೂ ಖರ್ಚಾಗುವುದಕ್ಕೂ ಇದ್ದ ದೊಡ್ಡ ಅಂತರ ಈಗ ಕಿರಿದಾಗಿರುತ್ತದೆ. ಅದರ ಮೇಲೆ ದೇಹ ಇನ್ನೊಂದು ಕೆಲಸ ಮಾಡುತ್ತದೆ. ಬರಗಾಲ ಬಂತು ಎಂದು ತಿಳಿದು ಲೆಕ್ಕಕ್ಕಿಂತಲೂ ಹೆಚ್ಚು ಉಳಿತಾಯಕ್ಕೆ ಇಳಿಯುತ್ತದೆ. ಇದು ಹೊಸ ವಿಷಯ ಏನಲ್ಲ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರ ನಾಡಿ ಬಡಿತ ನಿಧಾನ ಆಯಿತು, ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು, ಹಗಲೂ ರಾತ್ರಿ ಊಟದ್ದೇ ಯೋಚನೆ. ಹಾಗಾಗಿ ತೂಕ ನಿಂತಿತು ಎಂದು ಇನ್ನಷ್ಟು ಉಪವಾಸ ಬೀಳುವುದು ಉಲ್ಟಾ ಹೊಡೆಯುವ ಉಪಾಯ. ಕರಗುವುದು ಮಾಂಸಖಂಡ, ಮಾಂಸಖಂಡ ಕರಗಿದರೆ ಖರ್ಚು ಮತ್ತೂ ಕಡಿಮೆ.

ಇನ್ನು ಎಷ್ಟು ಇಳಿಯಬೇಕಿತ್ತು ಎಂಬ ಲೆಕ್ಕ. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಸ್ಲೀವ್‌ನಲ್ಲಾಗಲಿ ಬೈಪಾಸ್‌ನಲ್ಲಾಗಲಿ ಒಟ್ಟು ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದ ತನಕ ಇಳಿದರೆ ಅದು ಒಳ್ಳೆಯ ಫಲಿತಾಂಶ. ಡಾಕ್ಟರುಗಳು ಕೆಲವೊಮ್ಮೆ "ಹೆಚ್ಚುವರಿ ತೂಕದ ಶೇಕಡಾ" ಎಂದು ಬೇರೆ ರೀತಿಯಲ್ಲಿ ಹೇಳುತ್ತಾರೆ. 120 ಕೆಜಿ ಇದ್ದವರ ಸರಿಯಾದ ತೂಕ 65 ಎಂದಿಟ್ಟುಕೊಳ್ಳಿ, ಹೆಚ್ಚುವರಿ 55. ಅವರು 30 ಕೆಜಿ ಇಳಿದರೆ ಒಂದು ಲೆಕ್ಕದಲ್ಲಿ ಶೇ. 25, ಇನ್ನೊಂದು ಲೆಕ್ಕದಲ್ಲಿ ಸುಮಾರು ಶೇ. 55. ಎರಡೂ ಒಂದೇ 30 ಕೆಜಿ. ಜಾಹೀರಾತಿನಲ್ಲಿ ದೊಡ್ಡ ನಂಬರ್ ನೋಡಿ ಬಂದವರಿಗೆ ಚಿಕ್ಕ ನಂಬರ್ ಕಂಡಾಗ ಮೋಸ ಆದ ಹಾಗೆ ಅನಿಸುತ್ತದೆ. ಬ್ಯಾರಿಗಳಿಗೆ ವ್ಯಾಪಾರದ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಆದರೆ ಆಸ್ಪತ್ರೆಯಲ್ಲಿ ಮಾತ್ರ ಯಾವ ಲೆಕ್ಕ ಎಂದು ಕೇಳುವವರು ಕಡಿಮೆ.

ಹೆಚ್ಚಿನವರ ತೂಕ ಒಂದರಿಂದ ಎರಡು ವರ್ಷದ ಒಳಗೆ ಅತಿ ಕೆಳಗಿನ ಮಟ್ಟಕ್ಕೆ ಬರುತ್ತದೆ. ಆಮೇಲೆ ಸ್ವಲ್ಪ ಏರುವುದೂ ಸಾಮಾನ್ಯ. ಸ್ವೀಡನ್‌ನಲ್ಲಿ 1987ರಿಂದ ಸಾವಿರಾರು ಜನರನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನ ಇದೆ. ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32 ಇಳಿದಿತ್ತು, ಹತ್ತು ವರ್ಷಕ್ಕೆ ಅದು ಶೇ. 25ರಲ್ಲಿ ನಿಂತಿತ್ತು. ಏಳು ಪರ್ಸೆಂಟ್ ವಾಪಸ್ ಬಂತು ಎಂದು ನೋಡಬಹುದು, ಹತ್ತು ವರ್ಷವಾದರೂ ಕಾಲು ಭಾಗ ಬರಲೇ ಇಲ್ಲ ಎಂದೂ ನೋಡಬಹುದು. ಅದೇ ಅಧ್ಯಯನದಲ್ಲಿ ಆಪರೇಷನ್ ಆದವರಲ್ಲಿ ಸಾವಿನ ಪ್ರಮಾಣ ಆಗದವರಿಗಿಂತ ಕಡಿಮೆ ಇತ್ತು. ಶುಗರ್ ಕಂಟ್ರೋಲ್‌ಗೆ ಬಂತಾ, ಬಿಪಿ ಮಾತ್ರೆ ಕಡಿಮೆ ಆಯ್ತಾ, ಮಸೀದಿಯಲ್ಲಿ ಕುರ್ಚಿ ಬಿಟ್ಟು ನೆಲದಲ್ಲಿ ಸುಜೂದ್ ಮಾಡಲು ಆಗುತ್ತಾ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹಾಗೆಂದು ಎಲ್ಲವನ್ನೂ ದೇಹದ ಮೇಲೆ ಹಾಕಿ ಸುಮ್ಮನೆ ಕೂರಲೂ ಆಗುವುದಿಲ್ಲ. ಜಠರ ಚಿಕ್ಕದಾದರೂ ಅದರಲ್ಲಿ ಸಲೀಸಾಗಿ ಜಾರಿ ಹೋಗುವ ತಿಂಡಿಗಳು ಉಂಟು. ಚಹಾದಲ್ಲಿ ಅದ್ದಿದ ಬಿಸ್ಕತ್ತು, ರಸ್ಕ್, ಚಿಪ್ಸ್, ಐಸ್‌ಕ್ರೀಮ್, ಜ್ಯೂಸ್. ಒಂದು ತುಂಡು ಕೋಳಿ ತಿಂದರೆ ಹೊಟ್ಟೆ ತುಂಬುವವರಿಗೂ ಅರ್ಧ ಪ್ಯಾಕೆಟ್ ಬಿಸ್ಕತ್ತು ಗೊತ್ತೇ ಆಗದೆ ಒಳಗೆ ಹೋಗುತ್ತದೆ. ಚಹಾವನ್ನೇ ತೆಗೆದುಕೊಳ್ಳಿ. ದಿನಕ್ಕೆ ಆರು ಗ್ಲಾಸ್, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯೊಂದರಿಂದಲೇ ಸುಮಾರು 190 ಕ್ಯಾಲೊರಿ, ಹಾಲಿನದ್ದು ಬೇರೆ. ಅಂಗಡಿಯಲ್ಲಿ ಕೂತು ಬಂದ ಗಿರಾಕಿ ಜೊತೆಗೆಲ್ಲ ಚಹಾ ಕುಡಿಯುವವರಿಗೆ ತೂಕ ಎಲ್ಲಿ ನಿಂತಿತು ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ಒಂದು ವಾರ ಬಾಯಿಗೆ ಹಾಕಿದ್ದೆಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟರೆ ಸಾಕು, ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ತಟ್ಟೆಯಲ್ಲಿ ಮೊದಲು ಪ್ರೋಟೀನ್. ದಿನಕ್ಕೆ ಕನಿಷ್ಠ 60 ಗ್ರಾಮ್ ಬೇಕು ಎನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಮ್, ನೂರು ಗ್ರಾಮ್ ಮೀನಿನಲ್ಲಿ ಸುಮಾರು 20. ಕರಾವಳಿಯವರಿಗೆ ಬಂಗುಡೆ, ಬೂತಾಯಿಗಿಂತ ಒಳ್ಳೆಯದು ಇನ್ನೆಂತ ಬೇಕು? ಹುರಿಯುವ ಬದಲು ಸಾರು ಮಾಡಬೇಕು, ತೆಂಗಿನಕಾಯಿ ಸ್ವಲ್ಪ ಕಡಿಮೆ. ತಾಂಡೂರು ಕಡೆಯವರಿಗೆ ತೊಗರಿ ಬೇಳೆ ಮನೆಯದ್ದೇ ಬೆಳೆ, 2022ರಲ್ಲಿ ಅದಕ್ಕೆ ಜಿಐ ಟ್ಯಾಗ್ ಕೂಡಾ ಸಿಕ್ಕಿದೆ. ಆದರೆ ತಿಳಿಸಾರಿನಲ್ಲಿ ಪ್ರೋಟೀನ್ ಹೆಚ್ಚು ಇರುವುದಿಲ್ಲ, ಗಟ್ಟಿ ಬೇಳೆ ತಿನ್ನಬೇಕು. ಬಿರಿಯಾನಿ ಸಿಕ್ಕಿದಲ್ಲಿ ಮೊದಲು ಮಾಂಸ, ಜಾಗ ಉಳಿದರೆ ಅನ್ನ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು.

ನಡಿಗೆ ಒಳ್ಳೆಯದೇ, ವಾರಕ್ಕೆ 150 ನಿಮಿಷ ಆದರೂ. ಆದರೆ ಮಾಂಸಖಂಡ ಉಳಿಸಿಕೊಳ್ಳಲು ಅದು ಸಾಲದು. ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮ ಬೇಕು. ನೀರು ತುಂಬಿದ ಬಾಟಲಿಯಿಂದ ಶುರು ಮಾಡಿದರೂ ಆದೀತು. ತೂಕ ವಾರಕ್ಕೊಮ್ಮೆ ನೋಡಿದರೆ ಸಾಕು, ಸೊಂಟದ ಅಳತೆಯನ್ನೂ ಬರೆದಿಡಿ. ನಂಬರ್ ನಿಂತ ತಿಂಗಳಲ್ಲೂ ಸೊಂಟ ಎರಡು ಇಂಚು ಇಳಿದಿರಬಹುದು.

ರಮಝಾನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಪರೇಷನ್ ಆದ ಹೊಸದರಲ್ಲಿ ಉಪವಾಸ ಬೇಡ, ಒಂದರಿಂದ ಒಂದೂವರೆ ವರ್ಷ ಕಾಯಿರಿ ಎಂದು ಹಲವು ವೈದ್ಯರು ಹೇಳುತ್ತಾರೆ. ಹಗಲಿಡೀ ನೀರಿಲ್ಲದೆ ಇದ್ದು ರಾತ್ರಿಯ ಕೆಲವು ಗಂಟೆಗಳಲ್ಲಿ ಸಾಕಷ್ಟು ನೀರು, ಪ್ರೋಟೀನ್, ಮಾತ್ರೆ ಎಲ್ಲವನ್ನೂ ಆ ಚಿಕ್ಕ ಜಠರಕ್ಕೆ ಸೇರಿಸುವುದು ಆಗದ ಮಾತು. ರೋಗಿಗೆ ದೀನಿನಲ್ಲೇ ರಿಯಾಯಿತಿ ಇದೆ, ಖಝಾ ಉಂಟು. ಡಾಕ್ಟರ್ ಹೇಳಿದ್ದನ್ನು ಉಸ್ತಾದರ ಮುಂದೆ ಇಟ್ಟು ಕೇಳಬಹುದು. ನಂತರದ ವರ್ಷಗಳಲ್ಲಿ ಉಪವಾಸ ಹಿಡಿಯುವವರು ಇಫ್ತಾರ್‌ನಲ್ಲಿ ಎಚ್ಚರ ಇಟ್ಟುಕೊಳ್ಳಬೇಕು. ಬೈಪಾಸ್ ಆದವರು ಶರಬತ್ತು, ನಾಲ್ಕೈದು ಖರ್ಜೂರ ಒಟ್ಟಿಗೆ ಸೇವಿಸಿದರೆ ಸಕ್ಕರೆ ನೇರ ಕರುಳಿಗೆ ಇಳಿದು ಎದೆ ಬಡಿತ, ಬೆವರು, ತಲೆಸುತ್ತು, ಭೇದಿ ಆಗುವುದುಂಟು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಸಮೂಸ, ಗೋಳಿಬಜೆಯ ಲೆಕ್ಕ ಎಲ್ಲರಿಗೂ ಗೊತ್ತೇ ಇದೆ.

ಡಾಕ್ಟರ್ ಹತ್ತಿರ ಹೋಗಲೇಬೇಕಾದ ಸಂದರ್ಭಗಳೂ ಇವೆ. ತೂಕ ನಿಂತದ್ದಲ್ಲ, ತಿಂಗಳು ತಿಂಗಳು ಏರುತ್ತಾ ಇದ್ದರೆ, ಮೊದಲಿಲ್ಲದ ಹಸಿವು ಬಂದರೆ, ಹಳೆಯಷ್ಟೇ ಊಟ ಸೇರುತ್ತಿದ್ದರೆ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಇರಬಹುದು, ಸ್ಟೆರಾಯ್ಡ್, ಇನ್ಸುಲಿನ್ ಅಥವಾ ಮಾನಸಿಕ ಕಾಯಿಲೆಯ ಕೆಲವು ಮಾತ್ರೆ ಕಾರಣ ಇರಬಹುದು. ಹೆಣ್ಣುಮಕ್ಕಳಲ್ಲಿ ತೂಕ ಇಳಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಮೊದಲ ಒಂದೂವರೆ ವರ್ಷ ಗರ್ಭಧಾರಣೆ ಮುಂದೂಡುವುದು ಒಳ್ಳೆಯದು. ಇದನ್ನು ಮನೆಯಲ್ಲಿ ಅತ್ತೆ, ಗಂಡ ಎಲ್ಲರೂ ತಿಳಿದಿರಬೇಕು. ನಿಲ್ಲದ ವಾಂತಿ ಇದ್ದರೆ ಕಾಯಬಾರದು. ಬಿ1 ವಿಟಮಿನ್ ಕೊರತೆಯಾಗಿ ನಡಿಗೆ ತಪ್ಪುವುದು, ಕಣ್ಣು ಮಂಜಾಗುವುದು, ಗೊಂದಲ ಆಗುವುದು ಇದೆ, ತಡವಾದರೆ ನರಗಳಿಗೆ ಶಾಶ್ವತ ಹಾನಿ.

ತೂಕ ಮತ್ತೆ ಏರಿದವರಿಗೆ ಈಗ ಇಂಜೆಕ್ಷನ್‌ಗಳೂ ಬಂದಿವೆ. ಟಿರ್ಜೆಪಟೈಡ್ ಮತ್ತು ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಆಪರೇಷನ್ ಆದ ಕೆಲವರಿಗೆ ವೈದ್ಯರು ಇವನ್ನು ಕೊಡುತ್ತಾರೆ. ಗೆಳೆಯನ ಚೀಟಿ ತೋರಿಸಿ ಮೆಡಿಕಲ್‌ನಿಂದ ತರುವ ವಸ್ತು ಇದಲ್ಲ. ಎರಡನೇ ಆಪರೇಷನ್‌ನಲ್ಲಿ ಅಪಾಯ ಮೊದಲಿನದ್ದಕ್ಕಿಂತ ಜಾಸ್ತಿ. ಎಂಡೋಸ್ಕೋಪಿ ಮಾಡಿ ನೋಡದೆ, ಊಟದ ಚೀಟಿ ಕೇಳದೆ ಯಾರಾದರೂ ಅದಕ್ಕೆ ಡೇಟ್ ಕೊಟ್ಟರೆ ಇನ್ನೊಬ್ಬ ಡಾಕ್ಟರನ್ನು ಕೇಳುವುದೇ ಸರಿ.

ಊರಿಗೆ ವಾಪಸ್ ಬಂದವರು, ದೂರದಲ್ಲಿ ಇರುವವರು ಆಪರೇಷನ್‌ನ ಡಿಸ್ಚಾರ್ಜ್ ಸಮ್ಮರಿ ಜೋಪಾನವಾಗಿ ಇಟ್ಟುಕೊಳ್ಳಿ. ಸ್ಲೀವ್ ಯಾವುದು, ಬೈಪಾಸ್ ಯಾವುದು ಎಂಬುದು ಅದರಲ್ಲಿ ಇರುತ್ತದೆ. ಅದನ್ನು ಹತ್ತಿರದ ಫಿಸಿಶಿಯನ್‌ಗೆ ತೋರಿಸಿ ವರ್ಷಕ್ಕೊಮ್ಮೆ ಬಿ12, ಐರನ್, ವಿಟಮಿನ್ ಡಿ, ಕ್ಯಾಲ್ಸಿಯಂ ರಕ್ತಪರೀಕ್ಷೆ ಮಾಡಿಸಿ. ತೂಕ ಇಳಿಯಲಿ, ನಿಲ್ಲಲಿ, ವಿಟಮಿನ್ ಮಾತ್ರೆ ಮಾತ್ರ ಜೀವನಪೂರ್ತಿ ಉಂಟು.