ಲಿನಕ್ಸ್ ಮರುಸ್ಥಾಪನೆಯಿಂದ ವೇಗ ಹೆಚ್ಚುವುದೇ?

ಕಂಪ್ಯೂಟರ್ ನಿಧಾನವಾಯಿತೆಂದರೆ ಅದರಲ್ಲಿರುವುದನ್ನೆಲ್ಲ ಅಳಿಸಿ ಕಾರ್ಯಾಚರಣಾ ವ್ಯವಸ್ಥೆಯನ್ನು ಮೊದಲಿನಿಂದ ಹಾಕಬೇಕೆಂಬ ನಂಬಿಕೆ ಬಹುಮಟ್ಟಿಗೆ ವಿಂಡೋಸ್ ಬಳಕೆಯಿಂದ ಬೆಳೆದುಬಂದದ್ದು. 1995ರ ವಿಂಡೋಸ್ 95ರಲ್ಲಿ ವ್ಯವಸ್ಥೆಯ ಮತ್ತು ತಂತ್ರಾಂಶಗಳ ಸೆಟ್ಟಿಂಗ್‌ಗಳೆಲ್ಲ ರಿಜಿಸ್ಟ್ರಿ ಎಂಬ ಒಂದೇ ದತ್ತಸಂಚಯಕ್ಕೆ ಸೇರತೊಡಗಿದವು. ಪ್ರತಿಯೊಂದು ತಂತ್ರಾಂಶವೂ ತನ್ನದೇ ಸ್ಥಾಪನಾ ವಿಧಾನವನ್ನು ಹೊತ್ತು ಬರುತ್ತಿದ್ದುದರಿಂದ, ಅದನ್ನು ತೆಗೆದುಹಾಕಿದ ಮೇಲೂ ಅದರ ನಮೂದುಗಳೂ ಕಡತಗಳೂ ಅಲ್ಲಲ್ಲಿ ಉಳಿದುಬಿಡುತ್ತಿದ್ದವು. ಇದೇ ತಿಳಿವಳಿಕೆಯನ್ನು ಲಿನಕ್ಸ್‌ಗೂ ಅನ್ವಯಿಸುವ ಮೊದಲು, ನವೀಕರಣದ ಸಮಯದಲ್ಲಿ ಲಿನಕ್ಸ್ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್, ಅದನ್ನು ಆಧರಿಸಿ ರೂಪುಗೊಂಡ ಉಬುಂಟು, ಇವುಗಳಿಂದ ಬೇರೆಯಾದ ಫೆಡೋರಾ ಮೊದಲಾದ ಲಿನಕ್ಸ್ ವಿತರಣೆಗಳಲ್ಲಿ ತಂತ್ರಾಂಶಗಳು ಪ್ಯಾಕೇಜ್‌ಗಳ ರೂಪದಲ್ಲಿ ಬರುತ್ತವೆ. ಒಂದು ತಂತ್ರಾಂಶಕ್ಕೆ ಬೇಕಾದ ಕಡತಗಳು, ಅವು ಎಲ್ಲೆಲ್ಲಿ ಇರಬೇಕೆಂಬ ಪಟ್ಟಿ, ಬೇರೆ ಯಾವ ತಂತ್ರಾಂಶಗಳನ್ನು ಅದು ಅವಲಂಬಿಸಿದೆ ಎಂಬ ವಿವರ, ಇವೆಲ್ಲವನ್ನೂ ಒಳಗೊಂಡ ಕಟ್ಟೇ ಪ್ಯಾಕೇಜ್. ಇವುಗಳ ಲೆಕ್ಕವಿಡುವ ಪ್ಯಾಕೇಜ್ ಮ್ಯಾನೇಜರ್, ಹೊಸ ಆವೃತ್ತಿ ಬಂದಾಗ ಹಳೆಯ ಕಡತಗಳ ಜಾಗದಲ್ಲಿ ಹೊಸದನ್ನಿರಿಸಿ, ಹೊಸ ಪಟ್ಟಿಯಲ್ಲಿಲ್ಲದ ಹಳೆಯವನ್ನು ಅಳಿಸಿಹಾಕುತ್ತದೆ. ಹೀಗಾಗಿ ಸರಿಯಾಗಿ ನವೀಕರಿಸಿದ ಯಂತ್ರದಲ್ಲಿಯೂ ಅದೇ ಆವೃತ್ತಿಯನ್ನು ಹೊಸದಾಗಿ ಹಾಕಿದ ಯಂತ್ರದಲ್ಲಿಯೂ ಒಂದು ಪ್ಯಾಕೇಜ್‌ನ ಕಾರ್ಯಕಡತಗಳು ಒಂದು ಬೈಟ್‌ನಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುತ್ತವೆ. ಸಂಸ್ಕಾರಕವು ನಡೆಸುವ ಆದೇಶಗಳು ಒಂದೇ ಆಗಿರುವಾಗ, ಸ್ಥಾಪನೆಯ ವಿಧಾನ ಬೇರೆಯೆಂಬ ಕಾರಣಕ್ಕೇ ವೇಗ ಬೇರೆಯಾಗಲು ಆಸ್ಪದವಿಲ್ಲ.

ಆದರೂ ಕೆಲವರ ಯಂತ್ರಗಳು ಮರುಸ್ಥಾಪನೆಯ ನಂತರ ಚುರುಕಾಗುವುದು ಸುಳ್ಳಲ್ಲ. ಅದರ ಕಾರಣವನ್ನು ಹುಡುಕಬೇಕಾದದ್ದು ತಂತ್ರಾಂಶಗಳಲ್ಲಲ್ಲ, ಅವುಗಳ ಸುತ್ತ ವರ್ಷಗಳಿಂದ ಸೇರಿಕೊಂಡಿರುವ ಸ್ಥಿತಿಯಲ್ಲಿ. ಬಳಕೆದಾರರು ತಿದ್ದಿದ ಸೆಟ್ಟಿಂಗ್ ಕಡತವನ್ನು ಡೆಬಿಯನ್ ತಾನಾಗಿ ಅಳಿಸುವುದಿಲ್ಲ. ಹಳೆಯದನ್ನೇ ಉಳಿಸಬೇಕೇ, ಹೊಸದನ್ನು ಹಾಕಬೇಕೇ ಎಂದು ಕೇಳುತ್ತದೆ. ಬಳಕೆದಾರರ ಕೆಲಸಕ್ಕೆ ಸಲ್ಲುವ ಈ ಗೌರವ ಒಳ್ಳೆಯದೇ, ಆದರೆ ಅದರಿಂದಲೇ ಕಾಲ ಮೀರಿದ ಸೆಟ್ಟಿಂಗ್‌ಗಳೂ ಉಳಿದುಬರುತ್ತವೆ. ಹಿಂದೆಂದೋ ಪರದೆಯ ತೊಂದರೆ ನೀಗಲು ವೆಸಾ ಎಂಬ ಸರಳ ಚಾಲಕವನ್ನೇ ಬಳಸುವಂತೆ ಬರೆದಿಟ್ಟ ಕಡತವು ಹಾಗೆಯೇ ಉಳಿದಿದ್ದರೆ, ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಚಿತ್ರಣದ ಕೆಲಸವೆಲ್ಲ ಸಂಸ್ಕಾರಕದ ಮೇಲೆ ಬೀಳುತ್ತದೆ. ಆರಂಭದಲ್ಲಿ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಲ್ಲಿ ಈಗ ಇಲ್ಲದ ಡಿಸ್ಕಿನ ಹೆಸರು ಉಳಿದಿದ್ದರೆ, ಸೇವೆಗಳನ್ನು ಚಾಲನೆಗೊಳಿಸುವ ಸಿಸ್ಟಂ-ಡಿ ಎಂಬ ವ್ಯವಸ್ಥೆ ಅದಕ್ಕಾಗಿ ಸಾಮಾನ್ಯವಾಗಿ 90 ಸೆಕೆಂಡು ಕಾಯುತ್ತದೆ. ಒಮ್ಮೆ ಕಲಿಯಲೆಂದು ಹಾಕಿ ಮರೆತ ಡೇಟಾಬೇಸ್ ಸರ್ವರ್ ಪ್ರತಿಸಲವೂ ಎದ್ದು ಮೆಮೊರಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇವುಗಳಲ್ಲಿ ಒಂದೊಂದನ್ನೂ ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಹುದು. ಯಾವ ಸೇವೆ ಆರಂಭಕ್ಕೆ ಎಷ್ಟು ಸಮಯ ತೆಗೆದುಕೊಂಡಿತೆಂಬ ಪಟ್ಟಿಯನ್ನು ‘ಸಿಸ್ಟಂಡಿ-ಅನಲೈಸ್ ಬ್ಲೇಮ್’ ಎಂಬ ಆದೇಶವೇ ಕೊಡುತ್ತದೆ.

ಬಳಕೆದಾರರ ಸ್ವಂತ ಕೋಶವಾದ ‘ಹೋಮ್’ನ ವಿಷಯವನ್ನು ಬಹಳ ಜನ ಗಮನಿಸುವುದೇ ಇಲ್ಲ. ಬ್ರೌಸರಿನ ವಿಸ್ತರಣೆಗಳು, ಡೆಸ್ಕ್‌ಟಾಪಿನ ಅಲಂಕಾರಗಳು, ಲಾಗಿನ್ ಆದೊಡನೆ ತೆರೆದುಕೊಳ್ಳುವ ತಂತ್ರಾಂಶಗಳು, ಇವೆಲ್ಲ ಅಲ್ಲಿ ಮರೆಯಾಗಿರುವ ಕಡತಗಳಲ್ಲಿರುತ್ತವೆ. ಈ ಕೋಶವನ್ನು ಉಳಿಸಿಕೊಂಡು ಮರುಸ್ಥಾಪನೆ ಮಾಡಿದವರು ನಿಧಾನಕ್ಕೆ ಕಾರಣವಾದದ್ದನ್ನೂ ಜೊತೆಗೇ ಉಳಿಸಿಕೊಂಡಿರಬಹುದು. ಇದನ್ನು ಪರೀಕ್ಷಿಸುವ ಕ್ರಮ ಬಹಳ ಸುಲಭ: ಅದೇ ಯಂತ್ರದಲ್ಲಿ ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಅದರಲ್ಲಿ ಕೆಲಸ ಮಾಡಿ ನೋಡುವುದು. ಅಲ್ಲಿ ಎಲ್ಲವೂ ಚುರುಕಾಗಿದ್ದರೆ ದೋಷ ವ್ಯವಸ್ಥೆಯದಲ್ಲ, ಹಳೆಯ ಖಾತೆಯದು.

ಮರುಸ್ಥಾಪನೆಗೆ ನಿಜವಾದ ಮಹತ್ವ ಬರುವುದು ಕಡತ ವ್ಯವಸ್ಥೆಯ ವಿಷಯದಲ್ಲಿ. ಡಿಸ್ಕಿನ ಮೇಲೆ ಕಡತಗಳನ್ನು ಎಲ್ಲಿ, ಹೇಗೆ ಇರಿಸಬೇಕೆಂಬುದರ ವಿನ್ಯಾಸವೇ ಕಡತ ವ್ಯವಸ್ಥೆ. ಅದು ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ ದಿನ ನಿರ್ಧಾರವಾಗುತ್ತದೆ, ನವೀಕರಣ ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಕ್ಸ್ಟ್-3 ಎಂಬ ಹಳೆಯ ವಿನ್ಯಾಸವು ಕಡತವೊಂದರ ಪ್ರತಿಯೊಂದು ತುಣುಕಿನ ವಿಳಾಸವನ್ನೂ ಬೇರೆ ಬೇರೆಯಾಗಿ ಬರೆದಿಡುತ್ತಿದ್ದುದರಿಂದ, 4 ಕಿಲೋಬೈಟ್‌ನ ತುಣುಕುಗಳಲ್ಲಿ ಇರಿಸಿದ 100 ಮೆಗಾಬೈಟ್‌ನ ಕಡತಕ್ಕೆ 25,600 ವಿಳಾಸಗಳು ಬೇಕಾಗುತ್ತಿದ್ದವು. 2008ರಲ್ಲಿ ಸ್ಥಿರವೆಂದು ಘೋಷಿತವಾದ ಎಕ್ಸ್ಟ್-4, ‘ಇಲ್ಲಿಂದ ಇಷ್ಟು ತುಣುಕುಗಳು’ ಎಂದು ಒಟ್ಟಾಗಿ ಗುರುತಿಸುವ ಕ್ರಮವನ್ನು ತಂದುದರಿಂದ, ಅದೇ ಕಡತ ಅಖಂಡವಾಗಿದ್ದರೆ ಒಂದೇ ನಮೂದು ಸಾಕಾಗುತ್ತದೆ. ಎಕ್ಸ್ಟ್-3ರ ಪ್ರತ್ಯೇಕ ಚಾಲಕವನ್ನು 2015ರಲ್ಲಿ ಕರ್ನಲ್‌ನಿಂದ, ಅಂದರೆ ಯಂತ್ರಾಂಶವನ್ನು ನಿಯಂತ್ರಿಸುವ ಲಿನಕ್ಸ್‌ನ ತಿರುಳಿನಿಂದ, ತೆಗೆದುಹಾಕಿದ ಮೇಲೆ ಹಳೆಯ ಡಿಸ್ಕನ್ನೂ ಎಕ್ಸ್ಟ್-4ರ ಚಾಲಕವೇ ಓದುತ್ತದೆಯಾದರೂ, ಡಿಸ್ಕಿನ ಮೇಲಿನ ಬರಹ ಹಳೆಯ ಕ್ರಮದಲ್ಲಿಯೇ ಉಳಿದಿರುತ್ತದೆ. ಹಾಗೆಯೇ 2020ರ ಫೆಡೋರಾ 33ರ ಡೆಸ್ಕ್‌ಟಾಪ್ ಆವೃತ್ತಿಗಳು ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಅಂಗೀಕರಿಸಿದಾಗ ಅದು ದೊರೆತದ್ದು ಹೊಸದಾಗಿ ಹಾಕಿಕೊಂಡವರಿಗೆ. ನವೀಕರಿಸಿದವರ ಡಿಸ್ಕು ಇದ್ದಂತೆಯೇ ಇತ್ತು.

ಕಡತಗಳು ಚೂರಾಗಿ ಚದುರುವ ಸಮಸ್ಯೆಯನ್ನು ಮಾತ್ರ ಉತ್ಪ್ರೇಕ್ಷಿಸಬಾರದು. ಎಕ್ಸ್ಟ್-4 ದತ್ತವನ್ನು ಕೂಡಲೇ ಬರೆಯದೆ, ಅದರ ಗಾತ್ರ ತಿಳಿದ ಮೇಲೆ ಒಟ್ಟಿಗೆ ಜಾಗ ಕೊಡುವುದರಿಂದ ಚದುರುವಿಕೆ ಸಾಮಾನ್ಯವಾಗಿ ಕಡಿಮೆ. ಡಿಸ್ಕು ತುಂಬುತ್ತ ಬಂದಾಗಷ್ಟೇ ಅದು ಹೆಚ್ಚುತ್ತದೆ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯಲ್ಲಿ ಅದರ ಪರಿಣಾಮ ಇನ್ನೂ ಅಲ್ಪ. ಹಾರ್ಡ್ ಡಿಸ್ಕು, ಎಸ್‌ಎಸ್‌ಡಿ ಎರಡರಲ್ಲಿಯೂ ಬೇಕಾದದ್ದು ಖಾಲಿ ಜಾಗ, ಮತ್ತು ಅದನ್ನು ಬೇಡದ ಪ್ಯಾಕೇಜ್‌ಗಳನ್ನೂ ಹಳೆಯ ಕರ್ನಲ್‌ಗಳನ್ನೂ ತೆಗೆದು ಪಡೆಯಬಹುದು.

32 ಬಿಟ್‌ನ ಲಿನಕ್ಸನ್ನು 64 ಬಿಟ್‌ನ ಸಂಸ್ಕಾರಕದ ಮೇಲೆ ನಡೆಸುತ್ತಿರುವವರಿಗೆ ಮರುಸ್ಥಾಪನೆ ಸಾಮಾನ್ಯವಾಗಿ ಪ್ರಯೋಜನಕರ. 64 ಬಿಟ್‌ನ ಕ್ರಮದಲ್ಲಿ ಸಂಸ್ಕಾರಕದ ಸಾಮಾನ್ಯ ರಿಜಿಸ್ಟರುಗಳ, ಅಂದರೆ ಲೆಕ್ಕ ನಡೆಯುವಾಗ ಸಂಖ್ಯೆಗಳನ್ನು ಹಿಡಿದಿಡುವ ಅತಿವೇಗದ ಸ್ಥಾನಗಳ, ಸಂಖ್ಯೆ 8ರಿಂದ 16ಕ್ಕೇರುತ್ತದೆ. ಈ ಬದಲಾವಣೆ ಸಾಮಾನ್ಯ ನವೀಕರಣದಿಂದ ಆಗುವಂಥದ್ದಲ್ಲ. 2025ರ ಡೆಬಿಯನ್ 13ರಲ್ಲಿ 32 ಬಿಟ್‌ನ ಪಿಸಿಗಳಿಗೆ ಕರ್ನಲ್ಲೂ ಇಲ್ಲ, ಸ್ಥಾಪಕವೂ ಇಲ್ಲ.

ನವೀಕರಣ, ಮರುಸ್ಥಾಪನೆ ಎರಡೂ ಕೈಚೆಲ್ಲುವ ಪ್ರಸಂಗಗಳೂ ಇವೆ. ಸಂಸ್ಕಾರಕಗಳಲ್ಲಿರುವ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ದೋಷಗಳು 2018ರ ಜನವರಿಯಲ್ಲಿ ಬಹಿರಂಗವಾದಾಗ ಕರ್ನಲ್‌ಗೆ ಸೇರಿಸಿದ ರಕ್ಷಣೆಗಳು ಕೆಲವು ಬಗೆಯ ಕೆಲಸಗಳನ್ನು ನಿಧಾನಗೊಳಿಸಿದವು. ಹೊಸದಾಗಿ ಹಾಕಿದ ವ್ಯವಸ್ಥೆಯಲ್ಲಿಯೂ ಅದೇ ಕರ್ನಲ್ ಇರುವುದರಿಂದ ಅಳಿಸಿ ಹಾಕಿದರೆ ಆ ವೇಗ ಮರಳುವುದಿಲ್ಲ. ಮೆಮೊರಿಯ ಕೊರತೆ, ಸವೆಯುತ್ತಿರುವ ಹಾರ್ಡ್ ಡಿಸ್ಕು, ಧೂಳು ತುಂಬಿದ ಫ್ಯಾನಿನಿಂದ ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವ ಸಂಸ್ಕಾರಕ, ಇವುಗಳಿಗೂ ಪರಿಹಾರ ಬೇರೆಡೆ ಇದೆ. ನವೀಕರಣವಾದ ಮರುದಿನವೇ ಯಂತ್ರ ಮಂದವಾದರೆ, ಯಂತ್ರ ಆರಂಭವಾಗುವಾಗ ಗ್ರಬ್ ಎಂಬ ತಂತ್ರಾಂಶ ತೋರಿಸುವ ಪಟ್ಟಿಯಿಂದ ಹಿಂದಿನ ಕರ್ನಲ್ಲನ್ನು ಆರಿಸಿ ನೋಡುವುದು ಮೊದಲ ಹೆಜ್ಜೆಯಾಗಬೇಕು.

ಮರುಸ್ಥಾಪನೆಯಲ್ಲಿ ಸೆಟ್ಟಿಂಗ್, ಸೇವೆ, ಬ್ರೌಸರ್, ಡಿಸ್ಕು ಎಲ್ಲವೂ ಒಂದೇ ಬಾರಿಗೆ ಬದಲಾಗುವುದರಿಂದ ಯಾವುದು ಕಾರಣವಾಗಿತ್ತೆಂಬುದು ತಿಳಿಯದೇ ಹೋಗುತ್ತದೆ, ಅದೇ ಸೆಟ್ಟಿಂಗ್ ಮತ್ತೆ ಮಾಡಿದರೆ ಅದೇ ನಿಧಾನ ಮರಳುತ್ತದೆ. ಆದ್ದರಿಂದ ವೇಗದ ಆಸೆಗಾಗಿ ಮಾತ್ರ ಲಿನಕ್ಸನ್ನು ಮತ್ತೆ ಹಾಕುವುದು ಬಹುತೇಕ ವ್ಯರ್ಥ ಶ್ರಮ. ಕಡತ ವ್ಯವಸ್ಥೆಯನ್ನು ಬದಲಿಸಬೇಕಾದಾಗ, 64 ಬಿಟ್‌ನ ಕ್ರಮಕ್ಕೆ ಹೋಗಬೇಕಾದಾಗ, ಅಥವಾ ಯಂತ್ರವು ಹಲವು ಬಿಡುಗಡೆಗಳಷ್ಟು ಹಿಂದೆ ಉಳಿದಿರುವಾಗ, ಅದು ಸರಿಯಾದ ದಾರಿ. ಏಕೆಂದರೆ ಡೆಬಿಯನ್ ಒಂದು ಬಿಡುಗಡೆಯಿಂದ ಅದರ ಮುಂದಿನದಕ್ಕೆ ಮಾತ್ರ ನವೀಕರಣವನ್ನು ಬೆಂಬಲಿಸುತ್ತದೆ, ನಡುವಿನದನ್ನು ಹಾರಿ ಹೋಗಲು ಬಿಡುವುದಿಲ್ಲ. ಮರುಸ್ಥಾಪನೆ ಮಾಡುವವರು ಕಡತಗಳ ನಕಲನ್ನು ಬೇರೆ ಡಿಸ್ಕಿಗೆ ತೆಗೆದು, ಅದು ತೆರೆಯುವುದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಫಾರ್ಮ್ಯಾಟಿಗೆ ಕೈಹಾಕಬೇಕು.